ಎಂಟನೆಯ ದೋಣಿ

ಆಂಕೋನದ ಬಂದರಿನ ಹಿಂದೆ, ಮೆಟ್ಟಿಲು ಹತ್ತುವ ಓಣಿಯಲ್ಲಿ
ನನ್ನ ಅಂಗಡಿ: ಹಳೆಯ ನಾಣ್ಯ, ಪದಕ, ಮುದ್ರೆಯುಂಗುರ.
ವರ್ಷಕ್ಕೊಮ್ಮೆ, ಬೂತಾಯಿಯ ಸುಗ್ಗಿ ಮುಗಿದ ಮೇಲೆ
ಒಟ್ಟೊರೀನೊ ಬರುತ್ತಿದ್ದ; ಅವನಿಗಿಂತ ಮೊದಲು ಅವನ ವಾಸನೆ.

ಪೋಪರ ಚಿನ್ನ ಹುಡುಕುವವರು ಮೊದಲು ಹೆಸರು ಕೇಳುತ್ತಾರೆ:
ಯಾವ ಪೋಪ್, ಯಾವ ಟಂಕಸಾಲೆ, ಪೀಠವೇರಿದ ಎಷ್ಟನೆಯ ವರ್ಷ.
ಇವನು ಕಿರೀಟವನ್ನಾಗಲಿ, ಜೋಡಿ ಕೀಲಿಕೈಯನ್ನಾಗಲಿ
ಕಣ್ಣೆತ್ತಿ ನೋಡಿದವನಲ್ಲ.
"ಮಗುಚಿ," ಅನ್ನುತ್ತಿದ್ದ, ಬಾಣಲೆಯ ಮೀನಿಗೆ ಹೇಳುವ ಹಾಗೆ.

ಆ ಮಗ್ಗುಲಲ್ಲಿ ದೋಣಿ. ದೋಣಿಯಲ್ಲಿ ಸಂತ ಪೇತ್ರ,
ತಲೆಯ ಸುತ್ತ ಪ್ರಭೆ, ಕೈಯಲ್ಲಿ ಬಲೆ.
ಹೆಬ್ಬೆರಳಗಲದ ಚಿನ್ನದಲ್ಲಿ ಇಡೀ ಗಲಿಲಾಯದ ಕಡಲು.

ಭೂತಗನ್ನಡಿ ಕೊಟ್ಟರೆ ಬೇಡವೆಂದ.
ಬರಿಗಣ್ಣಲ್ಲೇ ನೋಡಿ ನಕ್ಕ:
"ಅಚ್ಚು ಕೊರೆದವನು ಅಕ್ಕಸಾಲಿಗ, ಬಲೆ ಮುಟ್ಟಿದವನಲ್ಲ.
ಯಾರಾದರೂ ಹೀಗೆ ಎಳೆಯುತ್ತಾರಾ, ಮೊಣಕೈ ಎತ್ತಿ,
ಮದುಮಗಳ ಮುಸುಕು ಹಿಡಿದ ಹಾಗೆ?
ತುಂಬಿದ ಬಲೆಯ ಭಾರ ಸೊಂಟಕ್ಕೆ ಬರುತ್ತದೆ ತಾಯಿ, ಕೈಗಲ್ಲ."
ಆದರೂ ಕೊಂಡ. ಕಂತಿನಲ್ಲಿ.

ಹೀಗೆ ಏಳು. ನಿಜದ ದೋಣಿ ಎರಡು ಮಾರಿದ,
ಅಂಗೈಯಲ್ಲಿ ಅಡಗುವ ದೋಣಿಗಳಿಗಾಗಿ.
ಒಂದರಲ್ಲಿ ಹಗ್ಗ ತಪ್ಪು. ಇನ್ನೊಂದರಲ್ಲಿ
ಪೇತ್ರ ನಮ್ಮನ್ನು ನೋಡುತ್ತಿದ್ದಾನೆ, ನೀರನ್ನಲ್ಲ.
ಹೆಂಡತಿ ಜೆಲಿಂದಾ ಒಮ್ಮೆ ಬಂದು, ನನ್ನ ಮುಖ ನೋಡಿ
ಏನೂ ಅನ್ನದೆ, ಕೊಡೆ ಮರೆತು ಹೋದಳು.
ಕೊಡೆ ಇನ್ನೂ ಇಲ್ಲೇ ಇದೆ.

ಎಂಟನೆಯದನ್ನು ನಾಚಿಕೊಂಡೇ ತೋರಿಸಿದೆ:
ಅಂಚು ಕತ್ತರಿಸಿದ್ದು, ಮೂರು ಗ್ರಾಮಿಗೂ ಕಮ್ಮಿ,
ಯಾವ ಕಾಲದಲ್ಲೋ ಯಾರೋ ಕೊರಳಿಗೆ ಕಟ್ಟಲು
ತೂತು ಕೊರೆದು ಬೆಲೆ ಕೆಡಿಸಿದ್ದರು. ಅದೂ ಸರಿಯಾಗಿ ಬಲೆಯ ಮೇಲೆ.
ಅವನು ಕಿಟಕಿಗೆ ಹಿಡಿದ.
ಬಲೆಯೊಳಗಿಂದ ಬಂದರು ಕಾಣಿಸಿತು, ಸಾಸಿವೆಯಷ್ಟು:
ಒಂದು ಕ್ರೇನು, ಕ್ರೊಯೇಷಿಯಕ್ಕೆ ಹೊರಟ ಹಡಗಿನ ಬಾಲ.
"ತೂತಿಲ್ಲದ್ದು ಬಲೆಯೇನಮ್ಮ?" ಅಂದ.
ಬೆಲೆ ಕೇಳಲಿಲ್ಲ. ಜೇಬಿನಿಂದ ನೈಲಾನ್ ದಾರ ತೆಗೆದು
ನನ್ನೆದುರೇ ಪೋಣಿಸಿ ಗಂಟು ಹಾಕಿದ.
ಅಯ್ಯೋ, ಚಿನ್ನ ಮೆದು, ಸವೆಯುತ್ತದೆ ಎಂದೆ.
"ಸವೆಯಲಿ."

ಈ ಫೆಬ್ರವರಿಯಲ್ಲಿ ಅವನ ಮಗಳು ಡಬ್ಬಿ ತಂದಳು, ಮಾರಲು.
ಗಾಳದ ಕೊಕ್ಕೆಗಳ ನಡುವೆ ಏಳು ಜನ ಪೋಪರು.
ತೂಗಿದೆ, ಹೆಸರು ಬರೆದೆ, ಸಾಲಾಗಿ ಇಟ್ಟೆ.
ಎಂಟನೆಯದರ ಗಂಟು ಉಗುರಿಗೆ ಬಗ್ಗಲಿಲ್ಲ, ಸೂಜಿಗೂ.
ಕತ್ತರಿ ಮೇಜಿನ ಮೇಲೇ ಇತ್ತು.

ಪಟ್ಟಿಯಲ್ಲಿ ಬರೆದಿದ್ದೇನೆ: ತೂತಿದೆ. ಅಂಚು ಹೋಗಿದೆ.
ತೂಕ, ದಾರ ಸೇರಿ.