ಎಷ್ಟು ಅಂತ ಹೇಳಿ

ಹೊಸನಗರದ ಸೊಸೈಟಿ ಗೋದಾಮಿನಲ್ಲಿ
ಯೂರಿಯಾ ಚೀಲ ಮೂಲೆಗೆ ಸರಿಸಿ
ಹದಿನೇಳು ಕುರ್ಚಿ ಹಾಕಿದ್ದರು.
ಬಂದವರು ಇಪ್ಪತ್ತೆರಡು.
ಚೀಲದ ಮೇಲೆ ಕೂತ ಐವರಲ್ಲಿ ನಾನೊಬ್ಬಳು;
ಎತ್ತರ ನಮ್ಮದೇ.

ಪುತ್ತೂರಿನಿಂದ ಬಂದ ನಫೀಸಾ ಮೇಡಂ
ಮೊದಲು ಕೇಳಿದ್ದು: ಕೋಕೋ ಯಾರು ತಿಂದಿದ್ದೀರಿ?
ಮಂಗ, ಅಂದ ಕುರಿಯಾಕೋಸ್.
ಕೆಂಜಳಿಲು, ಅಂದಳು ಬಂಗಾರಮ್ಮ.
ನಾನು ಸುಮ್ಮನಿದ್ದೆ.
ಬಿಳಿ ತಿರುಳು ಚೀಪಿ ಬೀಜ ಉಗಿದು ಬೆಳೆದವಳು;
ಉಗಿದದ್ದಕ್ಕೇ ದುಡ್ಡು ಅಂತ
ಆಗ ಯಾರು ಹೇಳಿದ್ದರು?

ಮರದ ಪೆಟ್ಟಿಗೆ, ತಳಕ್ಕೆ ತೂತು.
ಬಾಳೆಲೆ ಹಾಸಿ ಹಸಿ ಬೀಜ ಸುರಿದು
ಗೋಣಿ ಹೊದಿಸಿ ಆರು ದಿನ.
ಒಳಗಿನ ಕಾವು ನಲವತ್ತೈದು ಮುಟ್ಟಬೇಕು,
ನಡುವೆ ಮಗುಚಬೇಕು.
ಹುದುಗು ಬರುವುದು ನನಗೇನು ಹೊಸದೇ?
ದೋಸೆ ಹಿಟ್ಟು, ಮೂರು ನೀರು ಕಂಡ ಕಳಲೆ,
ಯಾವುದು ಹುಳಿ, ಯಾವುದು ಹಳಸು,
ನನ್ನ ಮೂಗಿಗೇ ಗೊತ್ತು.
ಮೇಡಂ ಕೊಟ್ಟ ಥರ್ಮಾಮೀಟರು ಡಬ್ಬಿಯಲ್ಲೇ ಇಟ್ಟು
ಮೊಣಕೈವರೆಗೆ ಕೈ ಹಾಕಿ ನೋಡಿದೆ:
ಬೆಚ್ಚಗಿತ್ತು. ಸಾಕು ಅಂದುಕೊಂಡೆ.

ಮೂರು ಮಂಗಳವಾರ ಕಳೆದು ಮತ್ತೆ ಅದೇ ಗೋದಾಮು.
ಮನೆಯಿಂದ ತಂದ ಬೀಜ, ಎಣಿಸಿ ಐವತ್ತು,
ಒಂದು ಚಾಕು, ಒಂದು ಬಿಳಿ ತಟ್ಟೆ.
ಉದ್ದಕ್ಕೆ ಸೀಳಿ ನೋಡಿ.
ಕಂದು ಬಣ್ಣ, ಒಳಗೆ ಬಿರುಕು: ಪಾಸು.
ನೇರಳೆ: ಅರ್ಧಕ್ಕೇ ಶಾಲೆ ಬಿಟ್ಟದ್ದು.
ಸ್ಲೇಟಿನ ಬಣ್ಣ: ಶಾಲೆಗೇ ಸೇರದ್ದು.
ಬೂಷ್ಟು ಕೇಳಲೇಬೇಡಿ.

ನನ್ನ ತಟ್ಟೆಯಲ್ಲಿ ಬೂಷ್ಟು ಹನ್ನೊಂದು.
ಮೂರನೇ ದಿನ ಮಗುಚಿರಲಿಲ್ಲ;
ಆವತ್ತು ಎಮ್ಮೆ ಕರು ಹಾಕಿತ್ತು, ರಾತ್ರಿಯಿಡೀ ಕೊಟ್ಟಿಗೆ.
ಎಮ್ಮೆಯ ವಿಷಯ ಬೀಜಕ್ಕೆ ಗೊತ್ತಿಲ್ಲ.
ಮೂಗಿನ ವಿಷಯ
ನಾನೂ ಮತ್ತೆ ಎತ್ತಲಿಲ್ಲ.

ಊಟದ ಮೇಲೆ ವ್ಯಾಪಾರ.
ಬೋರ್ಡಿನ ನಡುವೆ ಗೆರೆ, ಖರ್ಚು ಇತ್ತ, ಜಮೆ ಅತ್ತ.
ಮೂರು ಕಿಲೋ ಹಸಿ ಒಣಗಿದರೆ ಒಂದು ಕಿಲೋ.
ಇಷ್ಟು ನೀರು ಇಷ್ಟು ವರ್ಷ ಪೇಟೆಗೆ ಹೊತ್ತೆವಲ್ಲ,
ಅಂದ ಗುತ್ಯಪ್ಪ, ನೆತ್ತಿ ಮುಟ್ಟಿಕೊಂಡು.
ಗೋಣಿ ಬರೆದೆವು, ಬಸ್ಸಿನ ಚಾರ್ಜು ಬರೆದೆವು.
ಕೂಲಿ ಅಂತ ಒಂದು ಸಾಲು;
ಆಳು ಕರೆದಿಲ್ಲವಲ್ಲ, ಅಡ್ಡಗೀಟು ಎಳೆದೆ.
ಮೇಡಂ ಅದನ್ನು ಅಳಿಸಲಿಲ್ಲ. ಕೆಳಗೆ ಬರೆದರು:
ಹೂವಮ್ಮ, ದಿನಕ್ಕೆ ಎರಡು ತಾಸು, ಹನ್ನೆರಡು ದಿನ.

ಆಮೇಲೆ ಎದ್ದು ನಿಲ್ಲಿ ಅಂದರು.
ಕುರಿಯಾಕೋಸ್ ಕೊಳ್ಳುವವನು, ನಾನು ಮಾರುವವಳು.
ಅವನು ಟವೆಲು ಕೊಡವಿ ಹೆಗಲಿಗೆ ಹಾಕಿ
ಒಂದು ಬೀಜ ಎತ್ತಿ, ಮೂಸಿ, ಮುಖ ಸಿಂಡರಿಸಿ
(ಎಷ್ಟು ಚಂದ ಕಲಿತಿದ್ದಾನೆ!
ಅವನೆದುರೂ ಯಾರೋ ಹೀಗೇ ಮೂಸಿರಬೇಕು)
ಎಷ್ಟು? ಅಂದ.

ನೀವು ಕೊಟ್ಟಷ್ಟು, ಅಂದುಬಿಟ್ಟಿತು ಬಾಯಿ.
ನಾನಲ್ಲ, ಬಾಯಿ.
ಅದು ಅವ್ವನ ಬಾಯಿ;
ಸೀಗೆ ಮಾರುವಾಗ, ಜೇನು ಮಾರುವಾಗ
ಹೀಗೇ ಅನ್ನುತ್ತಿತ್ತು.
ಗೋದಾಮಿಗೆ ಗೋದಾಮೇ ನಕ್ಕಿತು. ಮೇಡಂ ನಗಲಿಲ್ಲ.
ಮತ್ತೊಮ್ಮೆ, ಅಂದರು.

ಪುಸ್ತಕದಲ್ಲಿ ಅಂಕಿ ಇತ್ತು. ಅಂಕಿಯ ಮೇಲೆ ಬೆರಳಿತ್ತು.
ನಾಲಿಗೆ ಮಾತ್ರ
ದಣಪೆ ದಾಟದೆ ನಿಂತ ದನ.

ಹೇಳಿದೆ.
ಹೊರಗೆ ಸೈಕಲ್ಲು ನಿಲ್ಲಿಸುತ್ತಿದ್ದವನೊಬ್ಬ
ಬಾಗಿಲಲ್ಲಿ ಇಣುಕಿ ನೋಡಿದ.
ಜಾಸ್ತಿಯಾಯ್ತು, ಅಂದ ಕುರಿಯಾಕೋಸ್.
ಬೂಷ್ಟು ಹನ್ನೊಂದು, ಕಳೆದುಕೊಳ್ಳಿ, ಅಂದೆ.
ಹನ್ನೆರಡು ದಿನ ಕಳೆಯಬೇಡಿ.

ವಾಪಸು ಬಸ್ಸಿನಲ್ಲಿ, ಬಂಗಾರಮ್ಮನ ಪಕ್ಕ,
ಮನಸ್ಸಿನಲ್ಲೇ ಅಂಕಿ ಹೇಳಿಕೊಳ್ಳುತ್ತಿದ್ದೆ.
ಎಷ್ಟು? ಅಂದ ಕಂಡಕ್ಟರ್.
ಬಾಯಿಗೆ ಅದೇ ಬಂದಿತ್ತು, ನುಂಗಿದೆ.
ಎರಡು, ನಗರಕ್ಕೆ, ಅಂದಳು ಬಂಗಾರಮ್ಮ.

ಮನೆಗೆ ಬಂದು ಡಬ್ಬಿ ತೆರೆದೆ.
ಅಳೆಯಲು ಬೀಜವಿರಲಿಲ್ಲ;
ನಾಳೆಯ ದೋಸೆ ಹಿಟ್ಟಿಗೆ ಅದ್ದಿದೆ.
ಇಪ್ಪತ್ತೇಳು, ಅಂತು.
ಮೂಗು ಏನೂ ಹೇಳಲಿಲ್ಲ.