ಒಂಬತ್ತು ಹನ್ನೆರಡರ ಪಾಸು

ನಿನ್ನೆ ಒಳಗೆ ಬಿಟ್ಟದ್ದು ಬೆಳಿಗ್ಗೆ ಒಂಬತ್ತು ಹನ್ನೆರಡಕ್ಕೆ.
ನಮ್ಮ ಮಾತಿನಲ್ಲಿ ಮೂರು ಹನ್ನೆರಡು;
ಹೊತ್ತು ಹುಟ್ಟಿದಲ್ಲಿಂದ ಗಂಟೆ ಎಣಿಸುವವರು ನಾವು,
ಪಾಸು ಮಧ್ಯರಾತ್ರಿಯಿಂದ ಎಣಿಸುತ್ತದೆ.
ಇವತ್ತು ಅಷ್ಟರೊಳಗೆ ಗೇಟು ದಾಟಬೇಕು.
ಒಂದು ನಿಮಿಷ ಮೀರಿದರೂ ಇನ್ನೊಂದು ಇಡೀ ದಿನದ ದುಡ್ಡು,
ಆರು ತಲೆಗೆ, ಒಂದು ಗಾಡಿಗೆ.
ಮಸ್ಸಾವೆ ಸಾಹೇಬರು ಅದನ್ನು ನನ್ನ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ,
ಬೈಯುವುದಿಲ್ಲ. ಒಳ್ಳೆಯ ಮನುಷ್ಯ.

ಹಾಗಾಗಿ ಎಂಟು ಹೊಡೆದ ಮೇಲೆ ಈ ದಾರಿಯಲ್ಲಿ
ಸಿಂಹ ಕಂಡರೂ ನಾವು ಡ್ರೈವರುಗಳಿಗೆ ಕಾಣುವುದಿಲ್ಲ.
ಹಿಂದಿನ ಸೀಟಿನ ಅಜ್ಜ, ಓಸ್ಲೋ ಕಡೆಯವನು,
'ಅಗೋ, ಅಲ್ಲೇನೋ ಅಲ್ಲಾಡಿತು' ಅಂದ.
'ಹುಲ್ಲು' ಅಂದೆ.
ಹುಲ್ಲಿಗೆ ಬಾಲವಿತ್ತು.

ಎಂಟೂ ಐವತ್ತಕ್ಕೆ ಗೇಟು ಮುಟ್ಟಿದೆ.
ಇಪ್ಪತ್ತೆರಡು ನಿಮಿಷ ಕೈಯಲ್ಲಿ:
ಒಂದು ಚಹಾ, ಒಂದು ಮಂಡಾಜಿ, ಟೈರಿಗೊಂದು ಒದೆತ.
ಡ್ಯಾಶ್‌ಬೋರ್ಡಿನ ಮೇಲೆ ಪಾಸು,
ಗಾಳಿಗೆ ಹಾರದಿರಲಿ ಅಂತ ಅದರ ಮೇಲೊಂದು ಬಾಳೆಹಣ್ಣು.
ಇಟ್ಟವನು ನಾನೇ,
ಹದಿನಾಲ್ಕು ವರ್ಷ ಇದೇ ಕಾಡಿನಲ್ಲಿ ಗಾಡಿ ಓಡಿಸಿದ ಜಾಣ.

ಬಬೂನು ಕಿಟಕಿಯಿಂದ ಬಂತು,
ಕನ್ನಡಿಯಲ್ಲಿ ಒಮ್ಮೆ ಮುಖ ನೋಡಿಕೊಂಡು
ಕಿಟಕಿಯಿಂದಲೇ ಹೋಯಿತು.
ಹಳದಿ ತೊಗಟೆಯ ಜಾಲಿ ಮರದ ಮೇಲೆ ಕೂತು
ಹಣ್ಣನ್ನು ಸುಲಿದು ತಿಂದಿತು,
ಪಾಸನ್ನು ಸುಲಿಯದೆ.
ಮೊದಲು ಮೊಹರು, ಆಮೇಲೆ ಮೊತ್ತ.

ಪಸ್ಕಾಲಿನಾ ಕಿಂಡಿಯಿಂದ ಕೈ ಚಾಚಿದಳು.
ಅವಳ ಮಗನ ಜ್ವರಕ್ಕೆ ಕರಾಟುವಿನಿಂದ ಔಷಧ ತಂದವನು ನಾನು.
ಈ ಗೇಟಿನಲ್ಲಿ ನನ್ನ ಹೆಸರನ್ನು ತಪ್ಪಿಲ್ಲದೆ ಬರೆಯುವವಳು ಅವಳೊಬ್ಬಳೇ.
'ಪಾಸು.'
ಮರ ತೋರಿಸಿದೆ.
ನಕ್ಕಳು. ನಕ್ಕು ಮುಗಿಸಿ ಡ್ಯೂಟಿಯ ಮುಖ ಹಾಕಿಕೊಂಡಳು.
'ಪಾಸಿಲ್ಲ ಅಂದರೆ ನೀನು ಒಳಗೇ ಹೋಗಿಲ್ಲ, ಮೆಪುಕೋರಿ.
ಹೋಗದವನನ್ನು ಹೊರಗೆ ಬಿಡುವುದು ಹೇಗೆ?'
'ಕಂಪ್ಯೂಟರಿನಲ್ಲಿ ಇರಬೇಕಲ್ಲ?'
'ಇದೆ. ನೆಟ್‌ವರ್ಕ್ ಇಲ್ಲ.'

ಓಸ್ಲೋದ ಅಜ್ಜ ಬಬೂನಿನ ಫೋಟೊ ತೆಗೆಯುತ್ತಿದ್ದ,
ಇಡೀ ಪ್ರವಾಸದಲ್ಲಿ ಇದೇ ಚೆನ್ನಾಗಿ ಬಂದದ್ದಂತೆ.
ನಾನು ಗೋಡೆಯ ಗಡಿಯಾರದ ಕೆಳಗೆ ನಿಂತೆ.

ಒಳಗೆ ಒಂದು ಊಟದ ತಾಣವಿದೆ, ಅದರ ಹೆಸರು ನಾಲ್ಕು.
ಸಿಮೆಂಟಿನ ಮೇಜು, ಎರಡು ಕಕ್ಕಸು, ಹಿಂದೆ ಸಣ್ಣದೊಂದು ಒರತೆ.
ಅಪ್ಪ ಹುಟ್ಟಿದ್ದು ಅಲ್ಲಿ, ಹೋರಿಗಳ ಉಸಿರಿನ ನಡುವೆ.
ಆಗ ಅದಕ್ಕೆ ಬೇರೆ ಹೆಸರಿತ್ತು,
ಹೇಳಿದರೆ ಮೇಜಿನವರಿಗೆ ನಾಲಗೆ ಹೊರಳುವುದಿಲ್ಲ.
ನಾನು ಅಲ್ಲಿ ಮಧ್ಯಾಹ್ನ ಡಬ್ಬಿ ಹಂಚುತ್ತೇನೆ,
ಕೋಳಿಕಾಲು, ಕೇಕು, ಮಾವಿನ ರಸ.
ಪ್ರತಿ ಸಲ ಮನೆಗೆ ಹೋದಾಗ ಅಪ್ಪನದು ಒಂದೇ ಪ್ರಶ್ನೆ:
'ನೀರು ಇನ್ನೂ ಉಪ್ಪುಪ್ಪೇ ಇದೆಯೇನೋ?'
ಇದೆ, ಅನ್ನುತ್ತಿದ್ದೆ.
ಕುಡಿದು ನೋಡಿದವನಲ್ಲ.

ಒಂಬತ್ತು ಹದಿಮೂರಕ್ಕೆ ನೆಟ್‌ವರ್ಕ್ ಬಂತು.
ಪ್ರಿಂಟರು ಕೆಮ್ಮಿ, ಸುಧಾರಿಸಿಕೊಂಡು, ಒಂದು ಹಾಳೆ ಉಗುಳಿತು.
ತಲೆಯ ಮೇಲೆ ದಪ್ಪಗೆ: ನಕಲು.
ಕೆಳಗೆ, ಹೊರಟ ಸಮಯದ ಜಾಗದಲ್ಲಿ
ಪಸ್ಕಾಲಿನಾ ಗಡಿಯಾರದ ಕಡೆ ತಿರುಗದೆ
ಒಂಬತ್ತು ಹನ್ನೊಂದು ಅಂತ ಗುಂಡಗೆ ಬರೆದಳು.
ಬರೆಯುತ್ತಲೇ, ತಲೆ ಎತ್ತದೆ,
ಎಲ್ಲರನ್ನೂ ಕೇಳುವ ಹಾಗೆ ಕೇಳಿದಳು:
'ಒಳಗಿನಿಂದ ಏನಾದರೂ ಒಯ್ಯುತ್ತಿದ್ದೀಯಾ?
ಕಲ್ಲು, ಮೂಳೆ, ಗರಿ, ಗಿಡ?'

'ಇಲ್ಲ' ಅಂದೆ.
ಅವಳ ಪಟ್ಟಿಯಲ್ಲಿ ಇದ್ದದ್ದು ನನ್ನಲ್ಲಿ ಯಾವುದೂ ಇರಲಿಲ್ಲ.

ಕಂಬ ಮೇಲೆದ್ದಿತು.
ಮೊದಲ ತಿರುವಿನಲ್ಲೇ ನನ್ನ ಸೀಟಿನ ಕೆಳಗೆ
ಅರ್ಧ ಲೀಟರಿನ ಬಾಟಲಿಯೊಂದು
ಆ ಕಡೆಗೆ ಉರುಳಿ,
ಎರಡನೆಯ ತಿರುವಿನಲ್ಲಿ
ಕುಲುಕುತ್ತ ಈ ಕಡೆಗೆ ಬಂತು.