ನಾಲ್ಕನೆಯ ದಶಾಂಶ

ಪೂಂಪುಹಾರಿನ ಅಳಿವೆಯಿಂದ ಬಂದ ಬಾಟಲಿ
ಗಂಗೋತ್ರಿಯ ಲ್ಯಾಬಿನಲ್ಲಿ, ಫ್ರಿಜ್ಜಿನಿಂದ ತೆಗೆದರೆ ಬೆವರುತ್ತದೆ.
ಗಾಜು ತೊಳೆಯುವ ಬೆಳಗೊಳದ ಚಿಕ್ಕತಾಯಮ್ಮ ಕೇಳಿದಳು:
‘ನಮ್ಮೂರ್ ನೀರೂ ಇದ್ರೊಳ್ಗೆ ಅದಾ, ಮೇಡಮ್ಮೋರೆ?’

ಕಡಲಿಗೆ ಬಿದ್ದ ನೀರಿಗೆ ಊರೆಲ್ಲಿ
ಎನ್ನಲು ಹೋಗಿ ಸುಮ್ಮನಾದೆ.

ಒಂದು ಹನಿ. ಉಪ್ಪೆಲ್ಲ ಕಳಚಿ
ಉಳಿದ ಸ್ಟ್ರಾಂಷಿಯಂ ಚುಕ್ಕೆಯನ್ನು
ಕೂದಲೆಳೆಯಂಥ ತಂತಿಗೆ ಹಚ್ಚಿ ಕಾಯಿಸಿದೆ.
ಯಂತ್ರ ರಾತ್ರಿಯಿಡೀ ಎಣಿಸಿತು,
ಎಂಬತ್ತೇಳು ತೂಕದವು ಎಷ್ಟು, ಎಂಬತ್ತಾರರವು ಎಷ್ಟು.

ಕಡಲಿಗೆಲ್ಲ ಒಂದೇ ಅಂಕಿ.
ಇಲ್ಲಿ ಮಾತ್ರ ನಾಲ್ಕನೆಯ ದಶಾಂಶದಲ್ಲಿ
ಒಂದು ಮೊಂಡು ಏರು:
ಬಲಮುರಿಯ ಬಂಡೆ ಸವೆದದ್ದು.
ಮುನ್ನೂರು ಕೋಟಿ ವರ್ಷದ ಕಲ್ಲು
ಇನ್ನೂ ಕರಗಿ ಮುಗಿದಿಲ್ಲ.

ಬೆಳಿಗ್ಗೆ ಹೇಳಿದೆ. ಸೆರಗಿಗೆ ಕೈ ಒರೆಸಿ
ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು:
‘ನಾವ್ ಬಟ್ಟೆ ಒಗ್ದಿದ್ ಕಲ್ಲೂ ಇರ್ಬೌದು ಬುಡಿ.’